ಕುಮಾರವ್ಯಾಸ ನಮ್ಮ ಮಕ್ಕಳಿಗೆ ದೂರ ಆಗಿದ್ದು ಹೇಗೆ?

ಈಗಿನ ಮಕ್ಳು ಹಳೇ ಕಾವ್ಯ ಓದಲ್ಲ ಅಂತ ತುಂಬಾ ಜನ ಬೇಜಾರು ಮಾಡ್ಕೋತಾರೆ. ಆದ್ರೆ ಹಿಂದಿನ ಮಕ್ಳೂ ಕುಮಾರವ್ಯಾಸ ಭಾರತ ಹಿಡ್ಕೊಂಡು ಮೂಲೇಲಿ ಕೂತು ಓದಿದ್ದು ಕಮ್ಮಿನೇ, ಅವ್ರು ಕೇಳಿದ್ದೇ ಹೆಚ್ಚು. ಜಗಲಿ ಮೇಲೋ ದೇವಸ್ಥಾನದಲ್ಲೋ ಗಮಕ ನಡೀತಿತ್ತು, ಒಬ್ರು ಪದ್ಯನ ರಾಗವಾಗಿ ವಾಚನ ಮಾಡೋರು, ಪಕ್ಕದಲ್ಲಿ ಕೂತೋರು ಆಡುಮಾತಲ್ಲಿ ವ್ಯಾಖ್ಯಾನ ಹೇಳೋರು. ನನ್ ಪ್ರಕಾರ ಆ ವ್ಯಾಖ್ಯಾನದೋರೇ ಮುಖ್ಯ, ಗದಗಿನ ಈ ಕವಿ 15ನೇ ಶತಮಾನದಲ್ಲಿ ಬರೆದ ಮಹಾಭಾರತ ಓದುಬರಹ ಬರದೇ ಇರೋರಿಗೂ ಮುಟ್ಟಿದ್ದು ಅವ್ರಿಂದ.

ವಿರಾಟಪರ್ವದ ಉತ್ತರಕುಮಾರನ್ನೇ ತಗೊಳ್ಳಿ. ಅಂತಃಪುರದ ಹೆಂಗಸರ ಮುಂದೆ ಸಿಕ್ಕಾಪಟ್ಟೆ ಪೌರುಷ ಕೊಚ್ಕೊಂಡು, ಬೃಹನ್ನಳೆ ವೇಷದ ಅರ್ಜುನ ಸಾರಥಿಯಾಗಿದ್ದ ರಥದಲ್ಲಿ ಹೋಗಿ, ಕೌರವ ಸೇನೆ ಕಣ್ಣಿಗೆ ಬಿದ್ದಿದ್ದೇ ತಡ ರಥದಿಂದ ಧುಮುಕಿ ಓಟ ಕೀಳ್ತಾನೆ, ಹಿಂದೆ ಅಟ್ಟಿಸ್ಕೊಂಡು ಹೋಗಿ ಅರ್ಜುನ ಹಿಡ್ಕೊಂಡು ಬರ್ತಾನೆ. ಇದನ್ನ ಚೆನ್ನಾಗಿ ಹೇಳಿದ್ರೆ ನಗದೇ ಇರೋ ಮಗು ಉಂಟಾ? ಭಾಮಿನಿ ಷಟ್ಪದಿ ಅನ್ನೋ ಆರು ಸಾಲಿನ ಪದ್ಯದ 3 ಮಾತ್ರೆ, 4 ಮಾತ್ರೆ ಅಂತ ಬರೋ ಲಯ ಬೇರೆ, ಅರ್ಥ ಆಗೋಕ್ಕಿಂತ ಮುಂಚೆನೇ ಕಿವಿ ಹಿಡ್ಕೊಂಡ್ಬಿಡುತ್ತೆ.

ಆಮೇಲೆ ಅಚ್ಚಿನ ಕಾಲ ಬಂತು. 1958ರಲ್ಲಿ ಮೈಸೂರು ಸರ್ಕಾರ ಕುವೆಂಪು, ಮಾಸ್ತಿ ಸಂಪಾದಕತ್ವದಲ್ಲಿ ಇಡೀ ಕಾವ್ಯನ ಪ್ರಕಟಿಸ್ತು, ನಿಜಕ್ಕೂ ದೊಡ್ಡ ಕೆಲಸ ಅದು. ಆದ್ರೆ ಪುಸ್ತಕ ಮನೆಗೆ ಬಂತು, ವ್ಯಾಖ್ಯಾನ ಹೇಳೋರು ಜೊತೆಗೆ ಬರ್ಲಿಲ್ಲ. ಶಾಲೇಲಿ ಅದು ಪದ್ಯಭಾಗ ಆಯ್ತು, ಪದಗಳ ಅರ್ಥ, ಕಂಠಪಾಠ, "ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ" ಅಂತ ಮಾರ್ಕ್ಸಿನ ಪ್ರಶ್ನೆ. ಸ್ವಾರಸ್ಯನ ಕೇಳಿ ಅನುಭವಿಸೋಕೆ ಮುಂಚೆನೇ ವಿವರಿಸು ಅಂದ್ರೆ ಮಗು ಗೈಡ್ ನೋಡ್ದೆ ಇನ್ನೇನು ಮಾಡುತ್ತೆ?

ಪಂಜೆ ಮಂಗೇಶರಾಯರು, ರಾಜರತ್ನಂ ಮಕ್ಕಳಿಗಾಗೇ ಬರೆದ್ರು, ಕಾರಂತರು 1936ರಲ್ಲೇ ಬಾಲಪ್ರಪಂಚ ಕೊಟ್ರು, 1967ರಿಂದ ಅಮರ ಚಿತ್ರಕಥೆ ಚಿತ್ರದಲ್ಲಿ ಪುರಾಣ ತಂತು. ಇವೆಲ್ಲ ಇರ್ಲೇಬೇಕು, ಆದ್ರೆ ಇವ್ಯಾವೂ ಮೂಲ ಪದ್ಯದ ರುಚಿ ಹತ್ತಿಸೋಕೆ ಬಂದಿದ್ದಲ್ಲ.

2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ವು, ತುಂಬಾ ಒಳ್ಳೇದು. ಅಲ್ಲೇ ವಾರಕ್ಕೊಂದು ಸಂಜೆ ಗಮಕ ಇಡ್ಬಹುದಲ್ವಾ? ಶಿವಮೊಗ್ಗದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವ್ರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅಂದ್ರೆ ಕಲೆ ಸತ್ತಿಲ್ಲ. ಮನೇಲಾದ್ರೆ ರಾತ್ರಿ ಊಟ ಆದ್ಮೇಲೆ ಯೂಟ್ಯೂಬಲ್ಲಿ ಒಂದು ಪದ್ಯದ ವಾಚನ ಹಾಕಿ, ನಿಲ್ಲಿಸಿ, ಕಥೆನ ನಿಮ್ಮ ಮಾತಲ್ಲೇ ಹೇಳಿ, ಮತ್ತೆ ಅದೇ ಪದ್ಯ ಕೇಳ್ಸಿ. ಉತ್ತರಕುಮಾರನಿಂದಲೇ ಶುರು ಮಾಡಿ, ಪದಗಳ ಅರ್ಥ ಮಾತ್ರ ಮಗು ತಾನಾಗೇ ಕೇಳೋವರೆಗೂ ಹೇಳೋಕೆ ಹೋಗ್ಬೇಡಿ.