ಡಿಸ್ಕ್ ಕೇಳುವ ಮೊದಲು ಡ್ರಮ್ ಬಿಚ್ಚಿಸಿ

ಹಳೇ ಯೆಜ್ಡಿ ಬೈಕ್ ತಂದು ನಿಲ್ಲಿಸಿ, "ಅಣ್ಣಾ, ಮುಂದಕ್ಕೊಂದು ಡಿಸ್ಕ್ ಬ್ರೇಕ್ ಕೂರಿಸಿಕೊಡಿ" ಅನ್ನುವವರು ಜಾಸ್ತಿಯಾಗಿದ್ದಾರೆ. ಯಾಕಪ್ಪಾ ಅಂದರೆ, "ಬ್ರೇಕಿಗೆ ಹೊಸ ಶೂ ಹಾಕಿಸಿದೀನಿ, ಆದ್ರೂ ನಿಲ್ತಿಲ್ಲ." ನಮ್ಮ ಮೈಸೂರಿನ ಯಾದವಗಿರಿಯಲ್ಲೇ ಹುಟ್ಟಿದ ಗಾಡಿ. ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಂಥ ಗಾಡಿಯನ್ನು ಇನ್ನೂ ಓಡಿಸುತ್ತಾರಲ್ಲ ಅಂತ ಖುಷಿಯಾಗುತ್ತದೆ. ಆದರೆ ಈ ಮಾತು ಕೇಳಿದಾಗ ಸಿಟ್ಟೂ ಬರುತ್ತದೆ.

ಚಕ್ರದ ನಡುವಿನ ಬ್ರೇಕ್ ಡ್ರಮ್ ಇಷ್ಟು ವರ್ಷ ಓಡಿ ಒಳಗೆ ಸವೆದು ಅಗಲವಾಗಿರುತ್ತದೆ, ಗುಂಡಗೂ ಉಳಿದಿರುವುದಿಲ್ಲ. ಅದರ ಒಳಗೋಡೆಗೆ ಒತ್ತಿ ಹಿಡಿಯುವ ಶೂ, ಅಂಗಡಿಯಿಂದ ತಂದ ಹೊಸದು, ಮಾತ್ರ ಮೂಲ ಅಳತೆಯದು. ಹಾಗಾಗಿ ಅದು ನಡುವೆ ಮಾತ್ರ ತಾಗುತ್ತದೆ, ಎರಡು ತುದಿ ಗಾಳಿಯಲ್ಲಿ. ಲಿವರ್ ಎಷ್ಟು ಒತ್ತಿದರೇನು? ಹಿಡಿಯುವುದೇ ಅರ್ಧ ಲೈನರ್ (ಶೂ ಮೇಲಿನ ಉಜ್ಜುವ ಪಟ್ಟಿ).

ಮಂಡ್ಯದ ಹುಡುಗನೊಬ್ಬ ತಾತನ ಯೆಜ್ಡಿ ರೋಡ್‌ಕಿಂಗ್ ತಂದಿದ್ದ, ಡಿಸ್ಕ್ ಸಾಮಾನನ್ನೂ ಕೊಂಡು ತಂದಿದ್ದ. ಅವನ ಕೈಗೇ ಸೀಮೆಸುಣ್ಣ ಕೊಟ್ಟು ಲೈನರ್ ಮೇಲೆಲ್ಲ ಉಜ್ಜಿಸಿದೆ. ಚಕ್ರ ಕೂರಿಸಿ, ತಿರುಗಿಸಿ, ಮೆಲ್ಲಗೆ ಬ್ರೇಕ್ ಹಿಡಿದು ಮತ್ತೆ ಬಿಚ್ಚಿದೆವು. ನಡುವೆ ಎರಡು ಬೆರಳಗಲ ಮಾತ್ರ ಸುಣ್ಣ ಹೋಗಿತ್ತು. ಆಮೇಲೆ ಡ್ರಮ್ಮನ್ನು ಲೇತಿಗೆ ಕೊಟ್ಟು ಗುಂಡಗೆ ಮಾಡಿಸಿ, ಶೂಗೆ ದಪ್ಪ ಲೈನರ್ ಅಂಟಿಸಿ, ಅದನ್ನೂ ಡ್ರಮ್ಮಿನ ಹೊಸ ಅಳತೆಗೆ ಲೇತಿನಲ್ಲೇ ಹೊಂದಿಸಿದೆವು. ಡಿಸ್ಕ್ ಸಾಮಾನು ವಾಪಸ್ ಹೋಯಿತು. ಎಲ್ಲ ಡ್ರಮ್ಮಿಗೂ ಇದು ಆಗುತ್ತದೆ ಅನ್ನಲಾರೆ. ಬಿರುಕಿದ್ದರೆ, ತೀರಾ ತೆಳುವಾಗಿದ್ದರೆ ಮುಟ್ಟಬೇಡಿ.

ಇನ್ನೊಂದು, ಬ್ರೇಕ್ ಹಿಡಿದಾಗ ಕೇಬಲ್ಲಿಗೂ ಡ್ರಮ್ಮಿನ ಮೇಲಿರುವ ತೋಳಿಗೂ ನಡುವೆ ಹೆಚ್ಚೂಕಡಿಮೆ 90 ಡಿಗ್ರಿ ಇರಬೇಕು. ಲೈನರ್ ಸವೆದಂತೆ ಸುಮ್ನೆ ನಟ್ ತಿರುಗಿಸುತ್ತಾ ಹೋದರೆ ತೋಳು ಅದನ್ನು ದಾಟುತ್ತದೆ, ಎಳೆತದ ಬಲ ಹೋಗುತ್ತದೆ.

ಚಾಮುಂಡಿ ಬೆಟ್ಟ ಇಳಿಯುವಾಗಲೇ ಇದೆಲ್ಲ ಗೊತ್ತಾಗುವುದು. ಟೂ ಸ್ಟ್ರೋಕ್ ಎಂಜಿನ್ ಗಾಡಿಯನ್ನು ಹೆಚ್ಚು ತಡೆಯುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಡ್ರಮ್ ಕಾದರೆ ಹಿಡಿತ ಸಡಿಲ. ಆಕ್ಸಲರೇಟರ್ ಪೂರ್ತಿ ಬಿಟ್ಟೇ ಇಳಿಯಬೇಡಿ, ಆಗಾಗ ಸ್ವಲ್ಪ ಕೊಡಿ. ಆಯಿಲ್ ಪೆಟ್ರೋಲಿನ ಜೊತೆಗೇ ತಾನೇ ಎಂಜಿನ್ನಿಗೆ ಹೋಗುವುದು? ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ.

ಡಿಸ್ಕ್ ಹಾಕಲೇಬಾರದು ಅಂತಲ್ಲ. ಆದರೆ ಮುಂದಿನ ಚಕ್ರ ಹಿಡಿದ ಆ ಸಣ್ಣ ಫೋರ್ಕಿನ ಒಂದೇ ಕಾಲಿಗೆ ಡಿಸ್ಕ್ ಹಿಡಿಯುವ ಕ್ಯಾಲಿಪರ್ ವೆಲ್ಡ್ ಮಾಡಿಸಿದರೆ, ಬ್ರೇಕ್ ಹಿಡಿದಾಗ ಆ ಕಡೆಯೇ ತಿರುಚುತ್ತದೆ. ಅದನ್ನಂತೂ ನಾನು ಮಾಡಿಕೊಡುವುದಿಲ್ಲ. ಮೊದಲು ಫೋರ್ಕಿನ ಬುಷ್, ಸೀಲ್ ನೋಡಿಸಿ, ಎರಡೂ ಕಾಲಿಗೆ ಅಳೆದು ಸಮನಾಗಿ ಆಯಿಲ್ ಹಾಕಿಸಿ. ಹಿಂದಕ್ಕೆ ಉದ್ದದ ಶಾಕ್ ಅಬ್ಸಾರ್ಬರ್ ಹಾಕಿದರೆ ಗಾಡಿ ಮುಂದಕ್ಕೆ ಬಾಗುತ್ತದೆ, ಹ್ಯಾಂಡಲ್ ಚಂಚಲವಾಗುತ್ತದೆ, ಚೈನಿನ ಬಿಗಿಯೂ ಬದಲಾಗುತ್ತದೆ. ಹಳೇ ಶಾಕಿನ ಮೇಲಿನ ಬೋಲ್ಟ್ ತೂತಿನಿಂದ ಕೆಳಗಿನ ತೂತಿನವರೆಗೆ ಅಳತೆ ಬರೆದುಕೊಂಡೇ ಅಂಗಡಿಗೆ ಹೋಗಿ.