ಕಲ್ಲಿನ ಹೊದಿಕೆಯೊಳಗೆ ಉಕ್ಕು: ಲಂಡನ್ನಿನ ಕಾರು ಕ್ಲಬ್ಬಿನ ಕಟ್ಟಡ

ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಅಥೀನಿಯಂ, ಟ್ರಾವೆಲರ್ಸ್, ರಿಫಾರ್ಮ್ ಕ್ಲಬ್ಬುಗಳು ಸಾಲಾಗಿ ನಿಂತಿವೆ. ಮೂರೂ 19ನೇ ಶತಮಾನದ ಮೊದಲರ್ಧದವು. ಕೊನೆಯ ಎರಡನ್ನು ಚಾರ್ಲ್ಸ್ ಬ್ಯಾರಿ ಇಟಲಿಯ ಅರಮನೆಗಳ ಮಾದರಿಯಲ್ಲಿ ರೂಪಿಸಿದ. ಅದೇ ಬೀದಿಯಲ್ಲಿ 1911ರಲ್ಲಿ ತೆರೆದ ರಾಯಲ್ ಆಟೊಮೊಬೈಲ್ ಕ್ಲಬ್ ಮಾತ್ರ ಪ್ಯಾರಿಸ್ಸಿನಿಂದ ಎತ್ತಿ ತಂದಿಟ್ಟಂತಿದೆ.

ಇದಕ್ಕೆ ಕಾರಣ ಕಾರು. ರಸ್ತೆಯಲ್ಲಿ ಮೋಟಾರು ಗಾಡಿಯ ಮುಂದೆ ಒಬ್ಬ ಮನುಷ್ಯ ನಡೆದು ಹೋಗಬೇಕು ಅನ್ನುವ ಬ್ರಿಟನ್ನಿನ ಕಾನೂನು ಹೋಗಿದ್ದು 1896ರಲ್ಲಿ. ಮರುವರ್ಷವೇ ಈ ಕ್ಲಬ್ ಹುಟ್ಟಿತು. ದೊರೆ 7ನೇ ಎಡ್ವರ್ಡ್‌ಗೆ ಕಾರೆಂದರೆ ಪ್ರಾಣ. 1907ರಲ್ಲಿ ಅವನೇ ಕ್ಲಬ್ಬಿಗೆ 'ರಾಯಲ್' ಪದವಿ ಕೊಟ್ಟ. ಅಷ್ಟೊತ್ತಿಗೆ ಯುದ್ಧ ಇಲಾಖೆ ಪಾಲ್ ಮಾಲ್ ಬಿಟ್ಟು ವೈಟ್‌ಹಾಲ್‌ಗೆ ಹೋಗಿತ್ತು. ಅದರ ಹಳೇ ಜಾಗ ಕ್ಲಬ್ಬಿಗೆ ಸಿಕ್ಕಿತು.

ಕೆಲಸ ವಹಿಸಿದ್ದು ಷಾರ್ಲ್ ಮೆವೆಸ್ ಮತ್ತು ಆರ್ಥರ್ ಡೇವಿಸ್ ಎಂಬ ವಾಸ್ತುಶಿಲ್ಪಿಗಳ ಜೋಡಿಗೆ. 1906ರಲ್ಲಿ ಲಂಡನ್ನಿನ ರಿಟ್ಸ್ ಹೋಟೆಲ್ ಕಟ್ಟಿ ಹೆಸರು ಮಾಡಿದ್ದವರು ಇವರೇ. ಇಲ್ಲಿಯ ಮುಂಭಾಗಕ್ಕೆ ಇವರು ಆರಿಸಿಕೊಂಡ ಮಾದರಿ ಪ್ಯಾರಿಸ್ಸಿನ ಪ್ಲಾಸ್ ದ ಲಾ ಕಾಂಕಾರ್ಡ್ ಚೌಕದಲ್ಲಿ 18ನೇ ಶತಮಾನದಲ್ಲಿ ವಾಸ್ತುಶಿಲ್ಪಿ ಗೇಬ್ರಿಯಲ್ ಕಟ್ಟಿದ ಕಂಬಸಾಲಿನ ಕಟ್ಟಡಗಳು. ಫ್ರಾನ್ಸಿನ ಕಾರು ಕ್ಲಬ್ ಇರುವುದೂ ಅಲ್ಲೇ! ಆ ಕಾಲಕ್ಕೆ ಮೋಟಾರಿನ ವಿಷಯದಲ್ಲಿ ಫ್ರಾನ್ಸ್ ಬ್ರಿಟನ್ನಿಗಿಂತ ಬಹಳ ಮುಂದಿತ್ತು. ಹಾಗಾಗಿ ಈ ಆಯ್ಕೆ ಸುಮ್ನೆ ಮಾಡಿದ್ದು ಅಂತ ನನಗೆ ಅನ್ನಿಸುವುದಿಲ್ಲ. ಪಾಲ್ ಮಾಲ್‌ನ ಹಳೇ ಮನೆತನಗಳ ನಡುವೆ ಹೊಸಬರು ತಮ್ಮ ನೆಂಟಸ್ತಿಕೆ ಎಲ್ಲಿಯದು ಅಂತ ಕಲ್ಲಿನಲ್ಲೇ ಹೇಳಿದರು. ತಲೆ ಎತ್ತಿ ನೋಡಿದರೆ ಮುಂಭಾಗದ ತ್ರಿಕೋನದ ಶಿಲ್ಪದಲ್ಲಿ ಪುಟ್ಟ ದೇವಶಿಶು ಕಾರಿನಲ್ಲಿ ಕೂತಿದೆ. ಗ್ರೀಕ್ ದೇವರುಗಳಿಗೆ ಮೀಸಲಾಗಿದ್ದ ಜಾಗದಲ್ಲಿ ಕಾರು ಅಂದರೆ ಧೈರ್ಯವೇ ಅಲ್ವಾ?

ಇದನ್ನು ಬರೀ ಫ್ರೆಂಚ್ ನಕಲು ಅಂತ ತಳ್ಳಿಹಾಕುವವರು ಕಲ್ಲಿನ ಹಿಂದೆ ಏನಿದೆ ಅಂತ ನೋಡಬೇಕು. ಒಳಗೆ ಇಡೀ ಕಟ್ಟಡವನ್ನು ಹೊತ್ತಿರುವುದು ಉಕ್ಕಿನ ಚೌಕಟ್ಟು. ಅದರ ಎಂಜಿನಿಯರ್ ಸ್ವೀಡನ್ನಿನ ಸ್ವೆನ್ ಬೈಲ್ಯಾಂಡರ್. ರಿಟ್ಸ್‌ನ ಉಕ್ಕೂ ಅವನದೇ ಕೈಕೆಲಸ. ಭಾರವೆಲ್ಲ ಉಕ್ಕಿನ ಮೇಲಿದ್ದರೆ ಹೊರಗೋಡೆ ತೆಳ್ಳಗಿದ್ದರೂ ನಡೆಯುತ್ತದೆ. ಆದರೆ 1894ರ ಲಂಡನ್ ಕಟ್ಟಡ ಕಾನೂನು ಒಪ್ಪಲಿಲ್ಲ. ಚೌಕಟ್ಟು ಇರಲಿ ಬಿಡಲಿ, ಗೋಡೆ ದಪ್ಪ ಇರಲೇಬೇಕಿತ್ತು. ಈ ನಿಯಮ ಸಡಿಲವಾದದ್ದು 1909ರಲ್ಲಿ. ಕ್ಲಬ್ಬಿನ ಕೆಲಸ ಅದಕ್ಕೂ ಮುಂಚೆ, 1908ರಲ್ಲೇ ಶುರುವಾಗಿತ್ತು.

ಉಕ್ಕಿನ ನಿಜವಾದ ಲಾಭ ಕಾಣುವುದು ಒಳಗೆ. ಬಾಗಿಲು ದಾಟಿದರೆ ಅಂಡಾಕಾರದ ದೊಡ್ಡ ಹಜಾರ. ಈಗಲೂ ಅಲ್ಲಿ ಆಗಾಗ ಒಂದೊಂದು ಕಾರು ತಂದು ನಿಲ್ಲಿಸುತ್ತಾರೆ. ಸಾಲುಸಾಲು ವಿಶಾಲ ಕೋಣೆಗಳು, ಊಟದ ಮನೆ, ಮೇಲೆ ಮಲಗುವ ಕೋಣೆಗಳು. ನೆಲಮಾಳಿಗೆಯಲ್ಲಿ ಟರ್ಕಿಶ್ ಸ್ನಾನಗೃಹ ಮತ್ತು ಈಜುಕೊಳ. ಓದು, ಊಟ, ಹರಟೆಗೆ ಸೀಮಿತವಾಗಿದ್ದ ಹಳೇ ಕ್ಲಬ್ಬುಗಳ ಬೀದಿಯಲ್ಲಿ ಇಷ್ಟೊಂದು ಸೌಕರ್ಯ ಹೊಸದು. ಕ್ಲಬ್ಬಿಗಿಂತ ಜಾಸ್ತಿ ಇದು ದೊಡ್ಡ ಹೋಟೆಲಿನ ಯೋಚನೆ. ಮೆವೆಸ್ ಮತ್ತು ಡೇವಿಸ್ ಪಳಗಿದ್ದೂ ಅದರಲ್ಲೇ.

ಈಜುಕೊಳದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಸುತ್ತಲಿನ ದಪ್ಪ ಕಂಬಗಳಿಗೆ ಮೀನಿನ ಹುರುಪೆಯ ವಿನ್ಯಾಸದಲ್ಲಿ ಸಣ್ಣ ಸಣ್ಣ ಮೊಸಾಯಿಕ್ ತುಣುಕುಗಳನ್ನು ಕೂರಿಸಿದ್ದಾರೆ. ಮೇಲಿನ ಫ್ರೆಂಚ್ ಗಾಂಭೀರ್ಯ ಇಲ್ಲಿಗೆ ಇಳಿದೇ ಇಲ್ಲ. ಇಲ್ಲಿಯದು ಪ್ರಾಚೀನ ರೋಮಿನ ಸ್ನಾನಗೃಹದ ಧಾಟಿ. ಇಡೀ ಕಟ್ಟಡದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ.

ಮೆಚ್ಚಿದವರು ಬೇರೆಯವರೂ ಇದ್ದರು. ಜರ್ಮನಿಯ ಹಾಂಬುರ್ಗ್-ಅಮೆರಿಕ ಕಂಪನಿಯ ಹಡಗುಗಳ ಒಳಾಂಗಣವೂ ಮೆವೆಸ್ ಕೈಯಲ್ಲಿತ್ತು. 1913ರಲ್ಲಿ ಹೊರಟ 'ಇಂಪರೇಟರ್' ಹಡಗಿನ ಮೊದಲ ದರ್ಜೆಯವರಿಗೆ ಇದೇ ಈಜುಕೊಳದ ಮಾದರಿಯಲ್ಲಿ ಇನ್ನೊಂದನ್ನು ಮಾಡಿದರು. ಮೊದಲ ಮಹಾಯುದ್ಧದ ನಂತರ ಆ ಹಡಗು ಬ್ರಿಟನ್ನಿನ ಪಾಲಾಗಿ, 'ಬೆರೆಂಗೇರಿಯ' ಆಗಿ, ಕೊನೆಗೆ ಗುಜರಿಗೆ ಹೋಯಿತು. ಪಾಲ್ ಮಾಲ್‌ನ ಮೂಲ ಕೊಳದಲ್ಲಿ ಸದಸ್ಯರು ಇವತ್ತಿಗೂ ಈಜುತ್ತಾರೆ.