ಕೋವಿಗೆ ಲೈಸೆನ್ಸ್ ಇದ್ದರೆ ಜಿಂಕೆ ಹೊಡೆಯಬಹುದಾ?

ಮಲೆನಾಡಲ್ಲಿ ಈ ಪ್ರಶ್ನೆ ಇನ್ನೂ ಕಿವಿಗೆ ಬೀಳುತ್ತದೆ. ಹೊಡೆಯುವ ಹಾಗಿಲ್ಲ. ಕೋವಿಯ ಲೈಸೆನ್ಸ್ ಕೊಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆ, ಜಿಂಕೆಯನ್ನು ಕಾಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ಆದರೆ 1972ರಲ್ಲೇ ಷಿಕಾರಿ ಪೂರ್ತಿ ನಿಂತಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅದು ತಪ್ಪು. ಕೃಷ್ಣಮೃಗ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿತ್ತು, ಅದನ್ನು ಮುಟ್ಟುವ ಹಾಗಿರಲಿಲ್ಲ. ಆದರೆ ಚುಕ್ಕಿ ಜಿಂಕೆ, ಕಡವೆಗಳು 'ದೊಡ್ಡ ಬೇಟೆ'ಯ ಪಟ್ಟಿಯಲ್ಲಿದ್ದವು. ಫೀಸು ಕಟ್ಟಿ ಬೇಟೆ ಲೈಸೆನ್ಸ್ ಪಡೆಯಬಹುದಿತ್ತು.

ಷರತ್ತುಗಳೇನು ಕಮ್ಮಿ ಇರಲಿಲ್ಲ. ಹೆಣ್ಣು, ಮರಿಗಳಿಗೆ ಗುಂಡು ಹಾರಿಸುವ ಹಾಗಿಲ್ಲ, ಕೊಂಬಿನ ಮೇಲೆ ಇನ್ನೂ ಮಕಮಲ್ಲಿನಂಥ ಚರ್ಮವಿರುವ ಗಂಡಿಗೂ ಇಲ್ಲ. ಉರುಳು, ವಿಷ ಬೇಡ. ಜೀಪಿನಿಂದ ಹೊಡೆಯಬಾರದು, ನೀರಿಗೋ ಉಪ್ಪಿನ ಮಣ್ಣು ನೆಕ್ಕುವುದಕ್ಕೋ ಬಂದಾಗ ಅಡಗಿ ಕೂತು ಹೊಡೆಯಬಾರದು, ಕತ್ತಲಾದ ಮೇಲೆ ಟಾರ್ಚ್ ಬಿಟ್ಟು ಹೊಡೆಯುವುದಂತೂ ಬೇಡವೇ ಬೇಡ. ಹೊಡೆದದ್ದಕ್ಕೆ ಲೆಕ್ಕ ಬರೆದು ಒಪ್ಪಿಸಬೇಕಿತ್ತು. ಓದುತ್ತಾ ಹೋದರೆ ಇದರಲ್ಲಿ ಅರ್ಧ ಪ್ರಾಣಿಯ ಸುರಕ್ಷತೆ, ಇನ್ನರ್ಧ ಮನುಷ್ಯನದ್ದು ಅನಿಸುತ್ತದೆ. ಹಗಲಲ್ಲಿ, ಕಾಲ ಮೇಲೆ ನಿಂತು, ಗಂಡೋ ಹೆಣ್ಣೋ ನೋಡಿ ಹೊಡೆಯುವವನು ಪೊದೆ ಅಲುಗಾಡಿತು ಅಂತ ಸುಮ್ನೆ ಕೋವಿಯ ಟ್ರಿಗರ್ ಎಳೆಯುವುದಿಲ್ಲ ಅಲ್ವಾ?

1991ರ ತಿದ್ದುಪಡಿ ಬೇಟೆ ಲೈಸೆನ್ಸನ್ನೇ ತೆಗೆದುಹಾಕಿತು. ಬೇಟೆಯೇ ಇಲ್ಲ ಅಂದಮೇಲೆ ಹೇಗೆ ಬೇಟೆಯಾಡಬೇಕು ಅನ್ನುವ ನಿಯಮಗಳೂ ಹೋದವು. ನಿಷೇಧ ಸರಿಯೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಕದ್ದು ಆಡುವವರು ಉಳಿಸಿಕೊಂಡದ್ದು ಹಳೇ ಕಾನೂನು ಬೇಡ ಅಂದಿದ್ದ ವಿಧಾನವನ್ನೇ: ರಾತ್ರಿ, ತಲೆಗೆ ಕಟ್ಟಿದ ಟಾರ್ಚ್, ಹೊಳೆಯುವ ಎರಡು ಕಣ್ಣು. ಹಂದಿ ಅಂದುಕೊಂಡು ಜೊತೆಗಾರನಿಗೇ ಈಡು ಹೊಡೆದ ಸುದ್ದಿ ಕೊಡಗು, ಮಲೆನಾಡಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ಬೆಳೆ ರಕ್ಷಣೆಯ ಕೋವಿ ಇರುವ ರೈತರಿಗೂ ಇದೇ ಮಾತು. ಗದ್ದೆಗೆ ಜಿಂಕೆ ನುಗ್ಗಿದರೆ ಬೆದರಿಸಿ ಓಡಿಸಬಹುದು. ಕೊಲ್ಲುವುದಕ್ಕೆ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಆದೇಶ ಬೇಕು. ಆದೇಶ ಸಿಕ್ಕರೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು, ಮಾಂಸ ಮನೆಗೆ ತರುವ ಹಾಗಿಲ್ಲ. ಯಾರೋ ಕೊಟ್ಟರು ಅಂತ ಫ್ರಿಜ್‌ನಲ್ಲಿ ಇಟ್ಟುಕೊಂಡರೂ ಕೇಸೇ. ಅಭಯಾರಣ್ಯದೊಳಗೆ ಬೇಟೆಯಾಡಿದರೆ ಕನಿಷ್ಠ 3 ವರ್ಷ ಜೈಲು, 7 ವರ್ಷದವರೆಗೂ ಹೋಗಬಹುದು.

ಕೊಡಗಿನ ಕಥೆ ಸ್ವಲ್ಪ ಬೇರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಈ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಹಿಂದೆ ಪೂಜೆ ಮುಗಿದ ಮೇಲೆ ಕಾಡಿಗೆ ಹೋಗುತ್ತಿದ್ದರು. ಈಗ ತೆಂಗಿನಕಾಯಿಗೆ ಗುರಿ ಇಡುತ್ತಾರೆ.